ಕಾನು, ಬೆಟ್ಟ, ತೋಟ: ಮಲೆನಾಡಿನ ನೆಲ ಮತ್ತು ಜನರ ಪರಸ್ಪರ ರಚನೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಹೊನ್ನಾವರದಿಂದ ಸಾಗರದ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯ ಮಗ್ಗುಲಲ್ಲಿ ಕತ್ತಲೆಕಾನು ಎಂಬ ಅರಣ್ಯಪ್ರದೇಶವಿದೆ. ನಡುಹಗಲಿನಲ್ಲಿಯೂ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ಕಾಡು ಎಂಬುದನ್ನು ಹೆಸರೇ ಸೂಚಿಸುತ್ತದೆ. ಇಲ್ಲಿನ ಹೊಳೆಯ ಪಾತ್ರಗಳಲ್ಲಿ ರಾಮಪತ್ರೆ ಜಾತಿಯ ಮರಗಳು ಊರುಗಾಲಿನಂತಹ ಬೇರುಗಳನ್ನು ಕೆಸರಿನಲ್ಲಿ ಊರಿ ನಿಂತಿವೆ. ವಿಜ್ಞಾನಕ್ಕೆ ಅದುವರೆಗೆ ತಿಳಿಯದಿದ್ದ ಒಂದು ಮರವನ್ನು 2000ದಲ್ಲಿ ಸಸ್ಯಶಾಸ್ತ್ರಜ್ಞರು ಇಲ್ಲಿಂದ ವರ್ಣಿಸಿ, ಅದಕ್ಕೆ ಈ ಸ್ಥಳದ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಇಂತಹ ತಾಣವನ್ನು ಕಂಡವರು ಅದನ್ನು ಮನುಷ್ಯನ ಕೈ ಸೋಕದ ಆದಿಮ ಅರಣ್ಯವೆಂದು ಭಾವಿಸುವುದು ಸಹಜ. ಆದರೆ ಮಲೆನಾಡಿನ ಇತಿಹಾಸವನ್ನು ಗಮನವಿಟ್ಟು ನೋಡಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕಾನುಗಳು ಉಳಿದಿರುವುದು ಅವುಗಳ ಸಮೀಪದಲ್ಲಿ ಜನರಿರಲಿಲ್ಲ ಎಂಬ ಕಾರಣದಿಂದಲ್ಲ. ಅವುಗಳನ್ನು ಉಳಿಸಿಕೊಳ್ಳಲು ಜನರಿಗೆ ಕಾರಣಗಳಿದ್ದವು ಎಂಬುದರಿಂದ. ಆ ಕಾರಣಗಳು ಯಾವುವು, ಅವು ಯಾವಾಗ ಮತ್ತು ಹೇಗೆ ಸಡಿಲಗೊಂಡವು ಎಂಬುದನ್ನು ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮಲೆನಾಡನ್ನು ಆಧರಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಹೆಸರುಗಳು

ಒಂದು ಪ್ರದೇಶದ ಜನ ತಮ್ಮ ಪರಿಸರವನ್ನು ಹೇಗೆ ವಿಂಗಡಿಸಿಕೊಂಡಿದ್ದರೆಂಬುದನ್ನು ಅವರ ಭಾಷೆ ತಿಳಿಸುತ್ತದೆ. ಹೊರಗಿನವರು 'ಕಾಡು' ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದನ್ನು ಮಲೆನಾಡಿಗರು ಹಲವು ಹೆಸರುಗಳಿಂದ ಗುರುತಿಸುತ್ತಾರೆ. ಎತ್ತರವಾದ ಮರಗಳಿಂದ ಕೂಡಿದ ನಿತ್ಯಹರಿದ್ವರ್ಣದ ತೋಪು ಕಾನು. ತೋಟಕ್ಕೆ ಸೊಪ್ಪು ಒದಗಿಸುವ ಇಳಿಜಾರು ಬೆಟ್ಟ ಅಥವಾ ಸೊಪ್ಪಿನಬೆಟ್ಟ. ದನ ಮೇಯುವ, ಹುಲ್ಲು ಕೊಯ್ಯುವ ಬಯಲು ಬ್ಯಾಣ. ಸದಾ ತೇವವಿರುವ ಜೌಗುನೆಲ ಜಡ್ಡಿ. ಕಣಿವೆಯ ತಲೆಯಲ್ಲಿ ಅಡಕೆಯ ತೋಟ, ಅದರ ಕೆಳಗೆ ಬತ್ತದ ಗದ್ದೆ. ಈ ಹೆಸರುಗಳು ಸಸ್ಯವರ್ಗವನ್ನು ಮಾತ್ರವಲ್ಲದೆ ಬಳಕೆಯನ್ನೂ, ಹಕ್ಕನ್ನೂ ಏಕಕಾಲದಲ್ಲಿ ಸೂಚಿಸುತ್ತವೆ. ಬೆಟ್ಟವೆಂದರೆ ಎತ್ತರದ ಭೂಮಿಯಷ್ಟೇ ಅಲ್ಲ, ಯಾರದೋ ತೋಟಕ್ಕೆ ಅಂಟಿಕೊಂಡ ಭೂಮಿ.

ಈ ವಿಂಗಡಣೆಯ ಪ್ರಾಮುಖ್ಯವನ್ನು ಆಡಳಿತವೂ ಒಪ್ಪಿಕೊಂಡಿರುವುದು ಗಮನಾರ್ಹ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ ಮತ್ತು ಕಾನೆ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಹಳೆಯ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆ ಎಂದು ಸ್ಥಳೀಯ ಪದಗಳನ್ನೇ ಹೆಸರಿಸಿ, ಅವುಗಳಿಗೆ ಸಂಬಂಧಿಸಿದ ಸವಲತ್ತುಗಳನ್ನು ಮುಂದುವರಿಸಿತು. ಅರಣ್ಯ ಮತ್ತು ಕೃಷಿಭೂಮಿ ಎಂಬ ಎರಡೇ ವರ್ಗಗಳಲ್ಲಿ ಈ ನೆಲಗಳನ್ನು ಅಡಗಿಸಲು ಸಾಧ್ಯವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಕುಮರಿ ಮತ್ತು ಕಾನು

ಪಶ್ಚಿಮ ಘಟ್ಟದ ಸಸ್ಯವರ್ಗ ಎಂದೂ ಒಂದೇ ಸ್ಥಿತಿಯಲ್ಲಿರಲಿಲ್ಲ. ಕಾರವಾರದ ಆಚೆಗೆ ಅರಬ್ಬೀ ಸಮುದ್ರದ ತಳದಿಂದ ಮೇಲೆತ್ತಿದ ಕೆಸರಿನಲ್ಲಿ ಹುದುಗಿದ್ದ ಪರಾಗಕಣಗಳ ಅಧ್ಯಯನವು ಸುಮಾರು 3500 ವರ್ಷಗಳ ಹಿಂದಿನಿಂದ ಈ ಭಾಗದ ಹವೆ ಮೊದಲಿಗಿಂತ ಶುಷ್ಕವಾಯಿತೆಂದೂ, ತೇವಾರಣ್ಯದ ಮರಗಳ ಪ್ರಮಾಣ ಇಳಿದು ಹುಲ್ಲಿನ ಪ್ರಮಾಣ ಏರಿತೆಂದೂ ತೋರಿಸಿದೆ. ನಂತರದ ಶತಮಾನಗಳಲ್ಲಿ ಕಬ್ಬಿಣದ ಕೊಡಲಿ ಮತ್ತು ಬೆಂಕಿಯ ನೆರವಿನಿಂದ ಘಟ್ಟದ ಇಳಿಜಾರುಗಳಲ್ಲಿ ಕುಮರಿ ಬೇಸಾಯ ಹರಡಿತು. ಹವೆ ತಂದ ಬದಲಾವಣೆ ಎಷ್ಟು, ಮನುಷ್ಯ ತಂದದ್ದು ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಒಂದು ತೆರೆದ ದಾರಿಯಲ್ಲಿ ಇನ್ನೊಂದು ಮುಂದುವರಿದಂತೆ ಕಾಣುತ್ತದೆ.

ಕುಮರಿಯ ಕ್ರಮ ಹೀಗಿತ್ತು. ಮಳೆಗಾಲ ಮುಗಿದ ಮೇಲೆ ಇಳಿಜಾರಿನ ಕಾಡನ್ನು ಕಡಿದು ಒಣಗಲು ಬಿಟ್ಟು, ಬೇಸಿಗೆಯ ಕೊನೆಗೆ ಸುಟ್ಟು, ಮೊದಲ ಮಳೆಗೆ ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತುತ್ತಿದ್ದರು. ಒಂದೆರಡು ಬೆಳೆಯ ನಂತರ ಆ ನೆಲವನ್ನು ಹಲವು ವರ್ಷಗಳ ಕಾಲ ಬೀಳುಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಬೀಳುಬಿಟ್ಟ ನೆಲದಲ್ಲಿ ಮೊದಲಿನ ಕಾಡೇ ಮರಳುತ್ತಿರಲಿಲ್ಲ. ಬಿಸಿಲನ್ನು ಬಯಸುವ, ಬೆಂಕಿಯನ್ನು ತಾಳಬಲ್ಲ ಮತ್ತಿ, ನಂದಿ, ಹೊನ್ನೆ, ತೇಗದಂತಹ ಎಲೆಯುದುರಿಸುವ ಮರಗಳು ಅಲ್ಲಿ ನೆಲೆಯೂರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಅರಣ್ಯಾಧಿಕಾರಿಗಳು ಪ್ರಕೃತಿದತ್ತ ಸಂಪತ್ತೆಂದು ಎಣಿಸಿದ ತೇಗ ದಟ್ಟವಾದ ಕಾನಿನ ನೆರಳಿನಲ್ಲಿ ಮೊಳೆತು ಬೆಳೆಯಲಾರದು. ಅದು ಹರಡಿದ ಹಲವು ತಾಣಗಳ ಹಿಂದೆ ಕುಮರಿಯ ಕೊಡಲಿ ಮತ್ತು ಬೆಂಕಿ ಇದ್ದವು. ತೇಗವನ್ನು ಕಾಪಾಡುವ ಹೆಸರಿನಲ್ಲಿ ಮುಂದೆ ಕುಮರಿಯನ್ನೇ ನಿಷೇಧಿಸಿದ್ದು ಈ ಇತಿಹಾಸದ ವಿಪರ್ಯಾಸಗಳಲ್ಲಿ ಒಂದು.

ಕುಮರಿಯೂ ಬೇಸಾಯವೂ ಹರಡುತ್ತಿದ್ದ ಭೂಮಿಯ ನಡುವೆ ಕೆಲವು ತೋಪುಗಳನ್ನು ಮಾತ್ರ ಕಡಿಯದೆ, ಸುಡದೆ ಬಿಡಲಾಯಿತು. ಅವೇ ಕಾನುಗಳು. ಅವು ಸಾಮಾನ್ಯವಾಗಿ ಹಳ್ಳಗಳ ಹುಟ್ಟಿನಲ್ಲಿ, ತೋಟ ಗದ್ದೆಗಳ ಮೇಲ್ಭಾಗದಲ್ಲಿ ಇರುವುದು ಆಕಸ್ಮಿಕವಲ್ಲ. ಕಾನು ಹೋದರೆ ಬೇಸಿಗೆಯಲ್ಲಿ ತೋಟದ ನೀರು ಬತ್ತುತ್ತದೆಂಬುದು ಅನುಭವದಿಂದ ಬಂದ ತಿಳಿವಳಿಕೆ. ಈ ತಿಳಿವಳಿಕೆಗೆ ದೈವದ ಕಾವಲೂ ಇತ್ತು. ಚೌಡಿ, ಭೂತಪ್ಪ, ಜಟಕ, ನಾಗ ಮೊದಲಾದ ದೈವಗಳ ನೆಲೆಯಾದ ಬನದಲ್ಲಿ ಕೊಡಲಿ ಎತ್ತುವಂತಿರಲಿಲ್ಲ. 1801ರಲ್ಲಿ ಕಾರವಾರದ ಸುತ್ತ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದೂ ಅಪ್ಪಣೆ ಕೇಳದೆ ಮರ ಕಡಿಯಬಾರದೆಂದೂ ಜನ ನಂಬಿದ್ದುದನ್ನು ದಾಖಲಿಸಿದ. ಸರ್ಕಾರ ಕಾಡಿನ ಮೇಲೆ ಒಡೆತನ ಸಾಧಿಸುವುದನ್ನು ತಡೆಯಲು ಹೂಡಿದ ಉಪಾಯವಿದೆಂಬುದು ಅವನ ಅನುಮಾನ. ಅವನ ಅನುಮಾನದಲ್ಲಿಯೂ ಒಂದು ಸತ್ಯಾಂಶವಿದೆ. ದೇವರ ಹೆಸರು ಊರಿನ ಸಾಮೂಹಿಕ ಹಕ್ಕಿನ ಭಾಷೆಯೂ ಆಗಿತ್ತು.

ಮೆಣಸಿನ ಕಾನು

ನೀರು ಮತ್ತು ದೈವಗಳ ಜೊತೆಗೆ ಕಾನನ್ನು ಉಳಿಸಿದ ಮೂರನೆಯ ಕಾರಣ ಕಾಳುಮೆಣಸು. ಮೆಣಸಿನ ಬಳ್ಳಿಗೆ ಹಬ್ಬಲು ಮರ ಬೇಕು, ನೆರಳು ಬೇಕು, ತೇವ ಬೇಕು. ಈ ಮೂರೂ ಕಾನಿನಲ್ಲಿದ್ದವು. ಬುಕನನ್ ತನ್ನ ಪ್ರವಾಸಕಥನದಲ್ಲಿ 'ಮೆಣಸು ಕಾನು' ಎಂಬ ಹೆಸರನ್ನೇ ಬಳಸಿ, ಕಾಡಿನ ಮೆಣಸನ್ನು ಜನ ಪೋಷಿಸಿ ಕೊಯ್ಯುತ್ತಿದ್ದ ಪದ್ಧತಿಯನ್ನು ವರ್ಣಿಸಿದ್ದಾನೆ. ಬಳ್ಳಿಯ ಸುತ್ತಲಿನ ಪೊದೆಗಳನ್ನು ಸವರಿ, ಬಳ್ಳಿಯನ್ನು ಮರಕ್ಕೆ ಹಬ್ಬಿಸಿ, ನೆರಳನ್ನು ಹದಗೊಳಿಸಿದ ಕಾನು ಹೊರನೋಟಕ್ಕೆ ಕಾಡು, ಒಳಗೆ ತೋಟದ ಅಣ್ಣ. ಮೆಣಸಿನ ಜೊತೆಗೆ ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ, ಮುರುಗಲು, ಜೇನು, ಬೈನೆಮರದ ಕಳ್ಳು ಇವೆಲ್ಲವೂ ಕಾನಿನ ಉತ್ಪನ್ನಗಳಾಗಿದ್ದವು.

ಈ ಮೆಣಸು ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಬಸರೂರು ಮೊದಲಾದ ಬಂದರುಗಳನ್ನು ತಲುಪುತ್ತಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಪ್ರಸಿದ್ಧವಾಗಿದೆ. ಅವಳ ನಂತರ ಈ ಪ್ರದೇಶದ ಮೇಲೆ ಅಧಿಕಾರ ಸ್ಥಾಪಿಸಿದ ಕೆಳದಿಯ ನಾಯಕರೂ ಪೋರ್ಚುಗೀಸರೊಡನೆ ಮೆಣಸಿನ ವ್ಯಾಪಾರದ ಒಪ್ಪಂದಗಳನ್ನು ಮಾಡಿಕೊಂಡರು. ಹೀಗೆ ಸೊರಬ, ಸಿದ್ದಾಪುರಗಳ ಹಳ್ಳಿಯೊಂದರ ಕಾನು ದೂರದ ಲಿಸ್ಬನ್ನಿನ ಮಾರುಕಟ್ಟೆಗೆ ಜೋಡಣೆಗೊಂಡಿತ್ತು. ಮರವನ್ನು ಕಡಿಯುವುದಕ್ಕಿಂತ ನಿಲ್ಲಿಸಿಕೊಳ್ಳುವುದರಲ್ಲಿಯೇ ಹೆಚ್ಚು ಲಾಭವಿತ್ತೆಂಬುದು ಇಲ್ಲಿ ಮುಖ್ಯವಾದ ಅಂಶ.

ಅಡಕೆ ತೋಟ ಮತ್ತು ಸೊಪ್ಪಿನಬೆಟ್ಟ

ಕಾನಿನ ಕೆಳಗಿನ ಕಣಿವೆಯಲ್ಲಿ ಇನ್ನೊಂದು ಬಗೆಯ ರಚನೆ ರೂಪುಗೊಂಡಿತು. ಹಳ್ಳದ ಎರಡೂ ಬದಿಗೆ ಮಣ್ಣು ಸರಿಸಿ, ಬಸಿಗಾಲುವೆ ತೋಡಿ, ಅಡಕೆ, ಮೆಣಸು, ಏಲಕ್ಕಿ, ಬಾಳೆಗಳನ್ನು ಒಂದರ ನೆರಳಿನಲ್ಲಿ ಇನ್ನೊಂದನ್ನಿಟ್ಟು ಬೆಳೆಸಿದ ತೋಟ ನಿತ್ಯಹರಿದ್ವರ್ಣದ ಕಾಡಿನ ಅಂತಸ್ತುಗಳನ್ನೇ ಹೋಲುತ್ತದೆ. ಶಿವಪ್ಪನಾಯಕನ (1645–1660) ಶಿಸ್ತಿನಲ್ಲಿ ತೋಟದ ಕಂದಾಯವನ್ನು ಅಡಕೆಮರಗಳ ಲೆಕ್ಕದ ಮೇಲೆ ನಿಗದಿಪಡಿಸಿದ್ದುದು ರಾಜ್ಯದ ಆದಾಯದಲ್ಲಿ ತೋಟಕ್ಕಿದ್ದ ಸ್ಥಾನವನ್ನು ಸೂಚಿಸುತ್ತದೆ.

ಆದರೆ ತೋಟ ತನ್ನಷ್ಟಕ್ಕೆ ತಾನು ನಿಲ್ಲಲಾರದು. ಮುಂಗಾರಿನ ಬಿರುಮಳೆಗೆ ಮಣ್ಣಿನ ಸಾರ ಕೊಚ್ಚಿಹೋಗುವ ಈ ಸೀಮೆಯಲ್ಲಿ ವರ್ಷವರ್ಷವೂ ಅದಕ್ಕೆ ಗೊಬ್ಬರ ಉಣಿಸಬೇಕು. ಬೆಟ್ಟದ ಮರಗಳ ರೆಂಬೆ ಸವರಿ ತಂದ ಹಸಿಸೊಪ್ಪು ಮತ್ತು ನೆಲದಿಂದ ಗುಡಿಸಿ ತಂದ ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿಯೊಡನೆ ಬೆರೆತು, ಗೊಬ್ಬರವಾಗಿ ತೋಟ ಸೇರುತ್ತಿತ್ತು. ದನಕ್ಕೆ ಬ್ಯಾಣದ ಹುಲ್ಲು. ಕೊಳೆರೋಗದಿಂದ ಅಡಕೆಗೊನೆಯನ್ನು ರಕ್ಷಿಸಲು ಮಳೆಗಾಲದಲ್ಲಿ ಕಟ್ಟುತ್ತಿದ್ದ ಕೊಟ್ಟೆಗೂ ಹುಲ್ಲೇ ಬೇಕಿತ್ತು. ಮೈಸೂರು ಸಂಸ್ಥಾನದ ಸಸ್ಯರೋಗತಜ್ಞ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದ ಮೇಲೆ ಕೊಟ್ಟೆಯ ಅಗತ್ಯ ಕ್ರಮೇಣ ಕಡಿಮೆಯಾಯಿತು. ತೋಟ, ಬೆಟ್ಟ, ಬ್ಯಾಣ, ಕೊಟ್ಟಿಗೆಗಳು ಒಂದೇ ಚಕ್ರದ ಅರಗಳಾಗಿದ್ದವು. ಮುಂಬಯಿ ಸರ್ಕಾರವೂ ಇದನ್ನು ಒಪ್ಪಿ, ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತನ್ನು ನೀಡಿತು.

ಈ ವ್ಯವಸ್ಥೆಯನ್ನು ಸಮರಸದ ಆದರ್ಶವೆಂದು ಬಣ್ಣಿಸುವುದು ಸರಿಯಾಗದು. ಬೆಟ್ಟದ ಹಕ್ಕು ತೋಟದ ಒಡೆಯನಿಗೆ ಸಲ್ಲುತ್ತಿತ್ತು. ಸೊಪ್ಪು ಹೊತ್ತವರು, ಗೊನೆ ಇಳಿಸಿದವರು, ಮಣ್ಣು ಹಾಕಿದವರು ಅನೇಕ ವೇಳೆ ಬೇರೆ ಜಾತಿಗಳ ನೆಲವಿಲ್ಲದ ಕೂಲಿಗಳಾಗಿದ್ದರು. ಮರಗಳನ್ನು ಅತಿಯಾಗಿ ಸವರಿದ ಬೆಟ್ಟಗಳು ಬೋಳಾದ ಉದಾಹರಣೆಗಳೂ ಉಂಟು. ಆದರೂ ತೋಟ ಉಳಿಯಬೇಕಾದರೆ ಬೆಟ್ಟ ಉಳಿಯಬೇಕೆಂಬ ಅರಿವು ದೀರ್ಘಕಾಲ ಒಂದು ಮಿತಿಯನ್ನು ವಿಧಿಸಿತ್ತೆಂಬುದನ್ನು ಅಲ್ಲಗಳೆಯಲಾಗದು.

ಕಾಯಿದೆಯ ಗೆರೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಈ ಸಂಬಂಧದ ಸ್ವರೂಪ ಬದಲಾಯಿತು. 1860ರ ಸುಮಾರಿಗೆ ಮದರಾಸು ಸರ್ಕಾರ ಕುಮರಿಯ ಮೇಲೆ ಕಟ್ಟುನಿಟ್ಟಾದ ನಿರ್ಬಂಧ ಹೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1865 ಮತ್ತು 1878ರ ಭಾರತೀಯ ಅರಣ್ಯ ಕಾಯಿದೆಗಳು ಅರಣ್ಯವನ್ನು ಸರ್ಕಾರದ ಸ್ವತ್ತನ್ನಾಗಿ ಘೋಷಿಸಿ, ಜನರ ರೂಢಿಯ ಹಕ್ಕುಗಳನ್ನು ಅನುಗ್ರಹಿಸಿದ ಸವಲತ್ತುಗಳ ಮಟ್ಟಕ್ಕೆ ಇಳಿಸಿದವು. ಇದರ ಪರಿಣಾಮ ಎಲ್ಲರ ಮೇಲೂ ಸಮನಾಗಿ ಆಗಲಿಲ್ಲ. ಕಂದಾಯ ಕೊಡುವ ತೋಟಿಗರು ಬೆಟ್ಟವನ್ನು ಉಳಿಸಿಕೊಂಡರು. ಕುಮರಿಯನ್ನೇ ನೆಚ್ಚಿದ್ದ ಸಮುದಾಯಗಳು ಬದುಕಿನ ಆಧಾರವನ್ನು ಕಳೆದುಕೊಂಡು ಕೂಲಿಗೆ ಇಳಿದವು.

ಕಾನುಗಳ ವಿಷಯದಲ್ಲಿ ಆಡಳಿತ ಗೊಂದಲಕ್ಕೆ ಒಳಗಾಯಿತು. 1868ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನ ಕಾನುಗಳ ಕುರಿತು ಜಂಟಿ ವರದಿ ಸಲ್ಲಿಸಿದರು. ಅವು ಕಾಡೆಂದರೆ ಜನ ಅಲ್ಲಿಂದ ಮೆಣಸು ಕೊಯ್ದು ಕಂದಾಯ ಕಟ್ಟುತ್ತಿದ್ದರು. ತೋಟವೆಂದರೆ ಅಲ್ಲಿ ನೆಟ್ಟ ಮರಗಳಿರಲಿಲ್ಲ. ಕೆಲವು ಕಾನುಗಳು ಕಾಯ್ದಿಟ್ಟ ಅರಣ್ಯಕ್ಕೆ ಸೇರಿದವು, ಹಲವು ಕಂದಾಯ ಇಲಾಖೆಯಲ್ಲಿಯೇ ಉಳಿದವು. ಕಾಯ್ದಿಟ್ಟ ಕಡೆ ಊರಿನವರ ಕೈ ತಪ್ಪಿತು. ಉಳಿದ ಕಡೆ ಕಾಯುವ ಜವಾಬ್ದಾರಿ ಯಾರದೆಂಬುದು ಅಸ್ಪಷ್ಟವಾಯಿತು. ಅದೇ ವೇಳೆಗೆ ಮೆಣಸು ಕಾನಿನಿಂದ ತೋಟಕ್ಕೆ ಸರಿಯಿತು. ನಿಂತ ಮರದ ಬೆಲೆ ಇಳಿದು, ಕಡಿದ ಮರದ ಬೆಲೆ ಏರಿತು.

ಜನ ಇದನ್ನು ಮೌನವಾಗಿ ಸಹಿಸಲಿಲ್ಲ. 1930ರ ಕಾಯಿದೆಭಂಗ ಚಳವಳಿ ಉತ್ತರ ಕನ್ನಡದಲ್ಲಿ ಅರಣ್ಯ ಸತ್ಯಾಗ್ರಹದ ರೂಪವನ್ನೂ ತಾಳಿತು. ಕುಮಟಾ ತಾಲ್ಲೂಕಿನ ಹಳಕಾರಿನಲ್ಲಿ 1920ರ ದಶಕದಲ್ಲಿ ರೂಪುಗೊಂಡ ಗ್ರಾಮ ಅರಣ್ಯ ಪಂಚಾಯಿತಿ, ಅಧಿಕಾರವನ್ನು ಊರಿಗೆ ವಹಿಸಿಕೊಟ್ಟಲ್ಲಿ ಕಾಡು ಉಳಿಯಬಲ್ಲದೆಂಬುದಕ್ಕೆ ನಿದರ್ಶನವಾಗಿ ನಿಂತಿತು. ಆದರೆ ಇಂತಹ ಪ್ರಯೋಗಗಳು ವಿರಳವಾಗಿದ್ದವು. ಸ್ವಾತಂತ್ರ್ಯಾನಂತರ ರೈಲ್ವೆ ದಿಮ್ಮಿ, ಪದರಹಲಗೆ, ಬೆಂಕಿಕಡ್ಡಿ ಮತ್ತು ಕಾಗದದ ಉದ್ಯಮಗಳ ಬೇಡಿಕೆ ಕಾಡಿನ ಮೇಲೆ ಬಿತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ತೋಟ, ಗದ್ದೆ, ಕಾನುಗಳನ್ನು ಮುಳುಗಿಸಿತು. ನೆಲೆ ಕಳೆದುಕೊಂಡ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಕಾಡುಗಳಲ್ಲಿ ನೆಲೆಗೊಳಿಸಲಾಯಿತು. ನಾಡಿಗೆ ಬೆಳಕು ಕೊಟ್ಟ ಆ ಕುಟುಂಬಗಳಲ್ಲಿ ಅನೇಕರ ಭೂಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ತಿಯಾಗಿ ಬಗೆಹರಿದಿಲ್ಲ.

ಕ್ಯಾಸನೂರಿನ ಪಾಠ

ಮನುಷ್ಯ ಪರಿಸರವನ್ನು ಬದಲಿಸಿದಾಗ ಪರಿಸರವೂ ಮನುಷ್ಯನನ್ನು ಬದಲಿಸುತ್ತದೆ ಎಂಬುದನ್ನು ಸೊರಬ ತಾಲ್ಲೂಕು ಕಠಿಣವಾದ ರೀತಿಯಲ್ಲಿ ಕಂಡುಕೊಂಡಿತು. 1957ರ ಬೇಸಿಗೆಯ ಆರಂಭದಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರಕ್ಕೂ ರಕ್ತಸ್ರಾವಕ್ಕೂ ತುತ್ತಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದು ಉಣುಗುಗಳಿಂದ ಹರಡುವ ಹೊಸ ವೈರಾಣುವಿನ ರೋಗವೆಂದು ಗುರುತಿಸಿದರು. ಲೋಕದ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ಊರಿನವರ ಬಾಯಲ್ಲಿ ಮಂಗನ ಕಾಯಿಲೆ.

ವೈರಾಣು ಅದಕ್ಕೂ ಮೊದಲೇ ಕಾಡಿನ ಸಣ್ಣ ಪ್ರಾಣಿಗಳ ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿದ್ದಿರಬೇಕೆಂದು 1960ರ ದಶಕದ ಸಂಶೋಧಕರು ಊಹಿಸಿದರು. ಕಾಡಿನ ನಡುವೆ ಹೊಸ ಸಾಗುವಳಿ ತೆರೆದು, ಅಂಚುಗಳು ಹೆಚ್ಚಿ, ಅಲ್ಲಿ ದನಗಳು ಮೇಯತೊಡಗಿದಾಗ ಪರಿಸ್ಥಿತಿ ಬದಲಾಯಿತು. ದನ ಈ ವೈರಾಣುವನ್ನು ಅಷ್ಟಾಗಿ ಹರಡದಿದ್ದರೂ ಬೆಳೆದ ಉಣುಗಿಗೆ ಹೇರಳವಾಗಿ ರಕ್ತ ಒದಗಿಸಿ ಅದರ ಸಂತತಿಯನ್ನು ಹೆಚ್ಚಿಸುತ್ತದೆ. ಒಣ ತಿಂಗಳುಗಳಲ್ಲಿ ಮರಿ ಉಣುಗುಗಳು ದರಕಿನಲ್ಲಿ ತುಂಬಿರುವಾಗಲೇ ಸೊಪ್ಪು, ಸೌದೆ, ದರಕು ತರಲು ಜನ ಬೆಟ್ಟ ಹತ್ತುತ್ತಾರೆ. ಹೀಗೆ ರೋಗದ ಋತುವೂ ದುಡಿಮೆಯ ಋತುವೂ ಒಂದೇ ಆದವು; ಅಪಾಯ ಹೆಚ್ಚಾಗಿ ಒರಗಿದ್ದು ಕಾಡಿಗೆ ಹೋಗದೆ ಬದುಕಲಾಗದವರ ಮೇಲೆ. ನಂತರದ ದಶಕಗಳಲ್ಲಿ ರೋಗ ಉತ್ತರ ಕನ್ನಡಕ್ಕೂ 1982–83ರಲ್ಲಿ ದಕ್ಷಿಣ ಕನ್ನಡಕ್ಕೂ ಹರಡಿತು. 2012–13ರಲ್ಲಿ ಬಂಡೀಪುರದ ಕಡೆಯೂ ಕಾಣಿಸಿಕೊಂಡಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರ ಪ್ರಾಣ ತೆಗೆದುಕೊಂಡಿತು. ಕಾಡಿಗೂ ಊರಿಗೂ ನಡುವೆ ನಿಂತಿದ್ದ ಹಳೆಯ ಕ್ರಮ ಒಡೆದು ಹೊಸ ಕ್ರಮ ಇನ್ನೂ ರೂಪುಗೊಳ್ಳದ ನೆಲದ ಕಾಯಿಲೆ ಇದು ಎಂದು ಹೇಳಬಹುದು.

ಉಪಸಂಹಾರ

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತಾಗ ಆರಂಭವಾದ ಅಪ್ಪಿಕೋ ಚಳವಳಿಯನ್ನು ಈ ದೀರ್ಘ ಇತಿಹಾಸದ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಅದು ಹೊರಗಿನಿಂದ ಬಂದ ಪ್ರೇರಣೆಯನ್ನು ಪಡೆದಿದ್ದರೂ, ನೀರು ಬತ್ತಿದ ತೋಟಗಳ, ಸೊಪ್ಪಿಲ್ಲದ ಬೆಟ್ಟಗಳ ಅನುಭವ ಅದರ ಬೇರಿನಲ್ಲಿತ್ತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಸಾಮುದಾಯಿಕ ಹಕ್ಕನ್ನೂ ಸಂರಕ್ಷಣೆಯ ಹೊಣೆಯನ್ನೂ ಒಟ್ಟಿಗೆ ಹೇಳಿತು. 2011ರಲ್ಲಿ ಕತ್ತಲೆಕಾನಿನ ಸುತ್ತಲಿನ ಪ್ರದೇಶವನ್ನು ಒಳಗೊಂಡಂತೆ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಸಂರಕ್ಷಣಾ ಮೀಸಲು ಎಂಬ ವರ್ಗ ಸ್ಥಳೀಯರೊಡನೆ ಸಮಾಲೋಚನೆಗೆ ಅವಕಾಶ ಕೊಡುವುದರಿಂದ ಆ ಕ್ರಮಕ್ಕೆ ವಿಶೇಷ ಮಹತ್ವವಿತ್ತು.

ಕಾನಿನ ಇತಿಹಾಸ ಎರಡು ಪ್ರಚಲಿತ ನಿಲುವುಗಳನ್ನು ಪ್ರಶ್ನಿಸುತ್ತದೆ. ಕಾಡು ಉಳಿಯಬೇಕಾದರೆ ಜನರನ್ನು ಹೊರಗಿಡಬೇಕೆಂಬುದು ಒಂದು. ಕಂದಾಯದ ಕಡತದಲ್ಲಿರುವ ಕಾನು ಯಾರಾದರೂ ಹಸನುಮಾಡಿಕೊಳ್ಳಬಹುದಾದ ಖಾಲಿ ಜಮೀನೆಂಬುದು ಇನ್ನೊಂದು. ಮೊದಲನೆಯದು ಕಾನಿನಲ್ಲಿ ಮನುಷ್ಯನ ದುಡಿಮೆಯನ್ನು ಕಾಣುವುದಿಲ್ಲ. ಎರಡನೆಯದು ಆ ದುಡಿಮೆ ತಾನೇ ಹಾಕಿಕೊಂಡಿದ್ದ ಮಿತಿಯನ್ನು ಕಾಣುವುದಿಲ್ಲ. ಇಂದು ಸೊರಬ ಸಾಗರಗಳ ಅಳಿದುಳಿದ ಕಾನುಗಳ ಭವಿಷ್ಯ ಈ ಎರಡು ಮರೆವುಗಳ ನಡುವೆ ಸಿಲುಕಿದೆ. ಊರೂರಿನ ಕಾನುಗಳ ಗಡಿ, ಸಸ್ಯಸಂಪತ್ತು, ನೀರಿನ ಸೆಲೆ, ದೈವದ ನೆಲೆ, ಹಳೆಯ ಹಕ್ಕುದಾರಿಕೆ ಇವುಗಳನ್ನು ಒಟ್ಟಾಗಿ ದಾಖಲಿಸುವ ಕೆಲಸ ಇನ್ನೂ ವ್ಯಾಪಕವಾಗಿ ನಡೆಯಬೇಕಾಗಿದೆ. ಸಸ್ಯಶಾಸ್ತ್ರಜ್ಞರು, ಇತಿಹಾಸಕಾರರು, ಜಾನಪದ ವಿದ್ವಾಂಸರು ಮತ್ತು ವೈದ್ಯವಿಜ್ಞಾನಿಗಳು ಕೂಡಿ ಮಾಡಬೇಕಾದ ಕೆಲಸವದು. ಕಡತಗಳಲ್ಲಿ ಒಂದು ಸರ್ವೆ ನಂಬರಾಗಿ ಮಾತ್ರ ಉಳಿದಿರುವ ಕಾನಿನ ಬಗ್ಗೆ ಹೇಳಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರ ತಿಳಿವಳಿಕೆ ದಾಖಲೆಗೆ ಬರುವ ಮೊದಲೇ ಮರೆಯಾದರೆ, ಮುಂದೆ ಕಾನನ್ನು ಉಳಿಸಲು ಹೊರಟವರಿಗೆ ಏನನ್ನು ಉಳಿಸಬೇಕೆಂಬುದೇ ತಿಳಿಯದೆ ಹೋಗುತ್ತದೆ.